ಒಂದು ಲಿನೋ ತುಂಡು, ಹಲವು ನಾಡಿನ ಉಳಿ

ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಜಿಸಿಎಸ್‌ಇ ಪರೀಕ್ಷೆಗೆ ಚಿತ್ರಕಲೆ ಆರಿಸಿಕೊಂಡ ಮಕ್ಕಳು ಚಿತ್ರ ಬರೆದು ಕೊಟ್ಟರಷ್ಟೇ ಸಾಲದು. ಕಲಾವಿದರ, ಬೇರೆ ಬೇರೆ ನಾಡುಗಳ ಕಲೆಯನ್ನು ಅಭ್ಯಾಸ ಮಾಡಿ, ಅದರಿಂದ ತಮ್ಮ ಕೆಲಸ ಹೇಗೆ ಬೆಳೆಯಿತೆಂದು ತೋರಿಸಬೇಕು. ಶೇ 60ರಷ್ಟು ಅಂಕ ಹೀಗೆ ಕೂಡಿಸಿಟ್ಟ ಕೆಲಸಗಳಿಗೇ ಮೀಸಲು. ಆಫ್ರಿಕಾದ ಮುಖವಾಡ, ಜಪಾನಿನ ಅಲೆ, ಪಿಕಾಸೊ ಶೈಲಿಯ ಮುಖಗಳು ತರಗತಿಗೆ ಬರುವುದು ಈ ದಾರಿಯಲ್ಲಿ. ಇಂಥ ಪ್ರಾಜೆಕ್ಟುಗಳು ಆಕಾರದ ನಕಲಿನಲ್ಲೇ ಮುಗಿದುಬಿಡುವ ಅಪಾಯ ಇದ್ದೇ ಇದೆ. ಅದನ್ನು ದಾಟಿಸುವ ಕೆಲಸವೆಂದು ನಾನು ನಂಬಿರುವುದು ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಸವರಿ ಕಾಗದಕ್ಕೆ ಒತ್ತುವ ಲಿನೋಕಟ್ ಅನ್ನು. ಇಲ್ಲಿ ಮಗು ಪರನಾಡಿನ ಚಿತ್ರವನ್ನು ನೋಡಿ ಬರೆಯುವುದಿಲ್ಲ, ಅಲ್ಲಿನ ಕಲಾವಿದರು ಹಿಡಿದ ಉಳಿಯನ್ನೇ ತಾನೂ ಹಿಡಿಯುತ್ತದೆ.

ಅಗಸೆ ಎಣ್ಣೆ ಮತ್ತು ಕಾರ್ಕ್ ಪುಡಿಯನ್ನು ಬೆರೆಸಿ ಗೋಣಿಬಟ್ಟೆಯ ಮೇಲೆ ಹರಡಿದ ಹಾಳೆಯೇ ಲಿನೋಲಿಯಂ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಇದನ್ನು ನೆಲಹಾಸಿಗೆಂದು ಮಾಡಿದ. 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳ ಕಲಾ ತರಗತಿ ತೆರೆದ ಫ್ರಾನ್ಸ್ ಚಿಜೆಕ್ ಅದನ್ನು ಮಕ್ಕಳ ಕೈಗೂ ಕೊಟ್ಟ. ಮರಕ್ಕಿರುವಂತೆ ಇದಕ್ಕೆ ಎಳೆಯಿಲ್ಲ, ಉಳಿ ಎತ್ತ ಬೇಕಾದರೂ ತಿರುಗುತ್ತದೆ. ಗಡುಸಾಗಿದ್ದರೆ ಬಿಸಿಲಿಗಿಟ್ಟರೆ ಸಾಕು, ಮೆತ್ತಗಾಗುತ್ತದೆ.

ಕೆತ್ತಿದ ಜಾಗ ಬಿಳಿಯಾಗಿ ಉಳಿಯುತ್ತದೆ, ಬಿಟ್ಟ ಜಾಗ ಶಾಯಿ ಹಿಡಿಯುತ್ತದೆ. ಪೆನ್ಸಿಲ್ ಗೆರೆಗೆ ಒಗ್ಗಿದ ಕೈಗೆ ಈ ತಿರುವುಮುರುವು ಅಭ್ಯಾಸವಾಗಲು ಸಮಯ ಬೇಕು. ಆಮೇಲೆ ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಕೆತ್ತಿದ, ಕೋಲೂರಿ ನಡೆಯುವ ಗಾಂಧಿಯ ಮುಂದೆ ಆ ಮಗುವನ್ನು ನಿಲ್ಲಿಸಿ ನೋಡಿ. ಕಪ್ಪು ನೆಲದಲ್ಲಿ ಕೆಲವೇ ಬಿಳಿ ಗೆರೆ. ಒಂದೊಂದನ್ನೂ ಎಷ್ಟು ಯೋಚಿಸಿ ಕೆತ್ತಿರಬೇಕೆಂದು ವಿವರಿಸುವ ಅಗತ್ಯವೇ ಬೀಳದು. ಅದೇ ವರ್ಷ ಬಂದ ರವೀಂದ್ರನಾಥ ಟ್ಯಾಗೋರರ ಬಂಗಾಳಿ ಮಕ್ಕಳ ಪಾಠಪುಸ್ತಕ 'ಸಹಜ್ ಪಾಠ್'ಗೂ ನಂದಲಾಲರದೇ ಲಿನೋ ಚಿತ್ರಗಳು.

ದಕ್ಷಿಣ ಆಫ್ರಿಕಾದ ರೋರ್ಕ್ಸ್ ಡ್ರಿಫ್ಟ್ ಕಲಾಕೇಂದ್ರದಲ್ಲಿ ಕಲಿತ ನಮೀಬಿಯಾದ ಜಾನ್ ಮುಆಫಾಂಗೆಜೊ ಚಿತ್ರದೊಳಗೇ ವಾಕ್ಯಗಳನ್ನು ಕೆತ್ತಿ ತನ್ನ ಜನರ ಕಥೆ ಹೇಳಿದ. ಕಾಗದದ ಮೇಲೆ ಅಕ್ಷರ ನೆಟ್ಟಗೆ ಬರಬೇಕಾದರೆ ಲಿನೋದಲ್ಲಿ ಕನ್ನಡಿಯೊಳಗಿನಂತೆ ತಿರುಗಿಸಿ ಕೆತ್ತಬೇಕು. ಕನ್ನಡದ ಒತ್ತಕ್ಷರಗಳನ್ನು ಹಾಗೆ ಕೆತ್ತಿ ನೋಡಿದವರಿಗೆ ಆತನ ಶ್ರದ್ಧೆ ಎಂಥದೆಂದು ತಿಳಿಯುತ್ತದೆ.

ಫ್ರಾನ್ಸಿನ ವಲ್ಲೋರಿಸ್‌ನಲ್ಲಿ ಪಿಕಾಸೊ ಹಲವು ಬಣ್ಣಗಳಿಗೆ ಒಂದೇ ತುಂಡು ಬಳಸಿದ. ತಿಳಿ ಬಣ್ಣ ಒತ್ತಿ, ಅದೇ ತುಂಡನ್ನು ಇನ್ನಷ್ಟು ಕೆತ್ತಿ, ಗಾಢ ಬಣ್ಣವನ್ನು ಮೇಲೆ ಒತ್ತುವುದು ಈ ಕ್ರಮ. ಹತ್ತು ಪ್ರತಿ ಬೇಕಿದ್ದರೆ ಹತ್ತನ್ನೂ ಮೊದಲ ಬಣ್ಣದಲ್ಲೇ ಒತ್ತಿಟ್ಟುಕೊಳ್ಳಬೇಕು. ಮುಂದಿನ ಕೆತ್ತನೆ ಶುರುವಾದ ಮೇಲೆ ಹನ್ನೊಂದನೆಯದು ಸಿಗುವುದಿಲ್ಲ.

ನಮ್ಮ ಹೈಸ್ಕೂಲುಗಳ ಡ್ರಾಯಿಂಗ್ ಮೇಷ್ಟ್ರುಗಳು ಲಿನೋಕಟ್ ಅನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಆಸೆ. ಮುದ್ರಣಯಂತ್ರ ಬೇಕಿಲ್ಲ, ಶಾಯಿ ಸವರಲು ರೋಲರ್, ಕಾಗದದ ಬೆನ್ನು ಉಜ್ಜಲು ಚಮಚ ಇದ್ದರಾಯಿತು. ಲಿನೋ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ, ಉಳಿಯೂ ಹರಿತವಾಗಿರಲಿ. ಮೊಂಡಾದರೆ ಹೆಚ್ಚು ಒತ್ತಬೇಕಾಗುತ್ತದೆ, ಆಗಲೇ ಅದು ಜಾರಿ ಬೆರಳು ಕೊಯ್ಯುವುದು.