ಸರಸ್ವತೀ ಭಂಡಾರಿಗರು

ನಾರಾಯಣಪೇಟೆಯಿಂದ ಯಾದಗಿರಿಯ ಮಾರ್ಗವಾಗಿ ಚಿತ್ತಾಪುರಕ್ಕೆ ಹೋಗಿಬಂದವರು ಅದರ ಸಮೀಪದ ನಾಗಾವಿಯನ್ನು ಎಲ್ಲಮ್ಮದೇವಿಯ ಕ್ಷೇತ್ರವೆಂದು ಬಲ್ಲರು. ಅರವತ್ತು ಕಂಬದ ಗುಡಿ ಇಂದಿಗೂ ನಿಂತಿರುವ ಆ ಊರಿನಲ್ಲಿ ಒಂದು ಕಾಲಕ್ಕೆ ಮಹಾವಿದ್ಯಾಕೇಂದ್ರವೂ ಗ್ರಂಥಭಂಡಾರವೂ ಇದ್ದವೆಂಬುದು ಎಲ್ಲರಿಗೂ ತಿಳಿದಿರಲಾರದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, 1058ರ ಶಾಸನವೊಂದು ದಂಡನಾಯಕ ಮಧುಸೂದನನ ಔದಾರ್ಯದಿಂದ ನಡೆಯುತ್ತಿದ್ದ ಇಲ್ಲಿನ ಘಟಿಕಾಸ್ಥಾನದ ವಿವರ ನೀಡುತ್ತದೆ. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಅವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು.

ಉಪಾಧ್ಯಾಯರೆಷ್ಟೋ ಗ್ರಂಥಪಾಲಕರೂ ಅಷ್ಟೇ ಎಂಬ ಈ ಲೆಕ್ಕ ಆಲೋಚಿಸತಕ್ಕದ್ದು. ಓಲೆಗರಿಗೆ ತೇವ, ಗೆದ್ದಲು, ಹುಳು ಎಲ್ಲವೂ ಶತ್ರುಗಳೇ. ಕಟ್ಟು ಬಿಚ್ಚಿ ಗಾಳಿಗೆ ಹಿಡಿಯಬೇಕು, ಎಣ್ಣೆ ಸವರಬೇಕು, ಸವೆದ ಗರಿಯನ್ನು ಹೊಸ ಗರಿಗೆ ಪ್ರತಿ ಮಾಡಬೇಕು. ಗ್ರಂಥವನ್ನು ಉಳಿಸುವುದು ಕಲ್ಲಿನ ಗೋಡೆಯಲ್ಲ, ಪಾಲಕನ ಕೈ.

ಚೀನದ ಚಕ್ರವರ್ತಿಗಳ ಗ್ರಂಥಾಲಯಗಳ ಕಥೆಯೂ ಇದನ್ನೇ ಹೇಳುತ್ತದೆ. ಚಿಯಾನ್‌ಲಾಂಗ್ ಚಕ್ರವರ್ತಿಯು ಬೀಜಿಂಗಿನ ಅರಮನೆಯಲ್ಲಿ ವೆನ್‌ಯುವಾನ್ ಭವನವನ್ನು ಕಟ್ಟಿಸಿದನು. ಅದು 1776ರಲ್ಲಿ ಪೂರ್ಣಗೊಂಡಿತು. ಕಪ್ಪು ನೀರಿನ ಬಣ್ಣವೆಂಬ ಆ ನಾಡಿನ ನಂಬಿಕೆಯಂತೆ, ಬೆಂಕಿಯ ಭಯ ನಿವಾರಣೆಗಾಗಿ ಅದಕ್ಕೆ ಕಪ್ಪು ಹೆಂಚು ಹೊದಿಸಲಾಯಿತು. ಅಲ್ಲಿ ಇರಿಸಿದ ಮಹಾಸಂಗ್ರಹದಲ್ಲಿ ಸುಮಾರು 36,000 ಸಂಪುಟಗಳಿದ್ದವು. ಆದರೆ ಅದನ್ನು ಕಾಪಾಡಿದುದು ಹೆಂಚಲ್ಲ. ಇಡೀ ಸಂಗ್ರಹವನ್ನು ಕೈಬರಹದಲ್ಲಿ ಏಳು ಪ್ರತಿ ಮಾಡಿಸಿ, ಏಳು ಭವನಗಳಲ್ಲಿ ಇರಿಸಿದ ದೂರದೃಷ್ಟಿ. 19ನೆಯ ಶತಮಾನದ ಯುದ್ಧಗಳಲ್ಲಿ ಮೂರು ಪ್ರತಿಗಳು ನಾಶವಾದರೂ ಕೃತಿಗಳು ಉಳಿದುವು. ತನಗೆ ಸಲ್ಲದೆನಿಸಿದ ಪುಸ್ತಕಗಳನ್ನು ಸುಡಿಸಿದವನೂ ಅದೇ ಚಕ್ರವರ್ತಿ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಬೀದರಿನದು ಇದಕ್ಕೆ ವಿಪರ್ಯಾಸ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಗಳು ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿಯೂ ಇನ್ನೂ ನಿಂತಿವೆ. ಅಲ್ಲಿದ್ದ ಸುಮಾರು 3,000 ಹಸ್ತಪ್ರತಿಗಳ ಭಂಡಾರ ಮಾತ್ರ ಇಲ್ಲ. ವಿಜಾಪುರದ ಅಸಾರ್ ಮಹಲಿನ ಗ್ರಂಥಗಳೋ ಲಂಡನ್ನಿಗೆ ಸಾಗಿದುವು.

ಒಂದೇ ಒಂದು ಕಟ್ಟಿನ ಬೆಲೆ ಎಷ್ಟೆಂಬುದಕ್ಕೆ ಮೈಸೂರು ಸಾಕ್ಷಿ. 1905ರಲ್ಲಿ ಪಂಡಿತರೊಬ್ಬರು ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಕೊಟ್ಟ ಕೈ, ಗುರುತಿಸಿದ ಕಣ್ಣು ಎರಡೂ ಇದ್ದುದರಿಂದ ಲೋಕಕ್ಕೆ ಆ ಗ್ರಂಥ ಮರಳಿ ದೊರೆಯಿತು.

ಪಂಡಿತರನ್ನು ಪೋಷಿಸಿ ‘ವಿದ್ವದ್ಗದ್ವಾಲ’ವೆಂದು ಹೆಸರಾದ ಸಂಸ್ಥಾನ ನಮ್ಮ ನೆರೆಯದು. 1956ರವರೆಗೆ ನಾಗಾವಿ, ಬೀದರ, ಮಕ್ತಲ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದುವು. ಗಡಿಗೆರೆ ಬಿದ್ದ ಮೇಲೆ ಈಚೆಗಿನ ಮನೆಗಳಲ್ಲಿ ಕನ್ನಡ ಲಿಪಿಯನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಓದಲಾಗದ ಕಟ್ಟು ಮೊದಲು ದೇವರ ಜಗಲಿಯಲ್ಲಿರುತ್ತದೆ, ಅನಂತರ ಅಟ್ಟಕ್ಕೇರುತ್ತದೆ, ಕೊನೆಗೆ ಹೊಳೆಯ ಪಾಲಾಗುತ್ತದೆ. ಮನೆಯಲ್ಲಿ ಅಂಥ ಕಟ್ಟೊಂದಿದ್ದರೆ ಈ ಬೇಸಿಗೆಯಲ್ಲಿ ನೆರಳಿನಲ್ಲಿ ಬಿಚ್ಚಿ, ಬಲ್ಲವರಿಗೆ ತೋರಿಸಿ, ಪ್ರತಿಯೊಂದು ಗರಿಯ ಚಿತ್ರ ತೆಗೆಸಿಡಿರಿ. ನಾಗಾವಿಯಲ್ಲಿ ಆರು ಮಂದಿ ಮಾಡುತ್ತಿದ್ದ ಕೆಲಸವನ್ನು ಮನೆಗೊಬ್ಬರಾದರೂ ಮಾಡಬಾರದೆ?