ಹಿರಿಯೂರಲ್ಲೇ ಇಳಿದುಬಿಟ್ಟಿದ್ದರೆ?

ಸಂಜೆ ಹೊತ್ತು ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆ ಹೋದವರಿಗೆ ಆ ಹುಡುಗಿ ಕಂಡಿರುತ್ತಾಳೆ. ಅಪ್ಪನಿಗೆ ಚಹಾ ಹಿಡಿದುಕೊಂಡು ಸೈಕಲ್ಲಿನಲ್ಲಿ ಬರುತ್ತಾಳೆ. ಎರಡು ಜಡೆ, ಬಾಯಿ ತುಂಬ ಮಾತು. ನಾಲ್ಕು ವರ್ಷದವಳಿದ್ದಾಗ ಇವಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು ಎಂದರೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಅಪ್ಪ ಭಟ್ಟಿಯ ಕೂಲಿ. ‘ಹೆಸರು ಮಾತ್ರ ಬರೀಬೇಡ್ರಿ ಸಾರ್, ನಾಳೆ ಮಗಳ ಲಗ್ನಕ್ಕೆ ತೊಡಕಾಗ್ತದೆ’ ಎಂದರು. ಬರೆದಿಲ್ಲ.

2018ರ ದೀಪಾವಳಿ ಹೊತ್ತಿಗೆ ಶುರುವಾದದ್ದು ಬರೀ ಜ್ವರ. ಮಾತ್ರೆ ಕೊಟ್ಟರೆ ಇಳಿಯುವುದು, ಮತ್ತೆ ಏರುವುದು. ಕಾಲುನೋವೆಂದು ರಾತ್ರಿಯೆಲ್ಲ ಅಳು. ಮುಖ ಬಿಳಿಚಿಕೊಂಡಿತು. ಎಲ್ಲೂ ಬೀಳದೆ ಮೈಮೇಲೆ ನೀಲಿ ಕಲೆಗಳೆದ್ದವು. ಟಾನಿಕ್ಕು, ತಾಯಿತ, ದೃಷ್ಟಿ ತೆಗೆಯುವುದು ಎಲ್ಲ ಆಗುವಷ್ಟರಲ್ಲಿ ಮೂರು ವಾರ ಹೋಯಿತು. ಕೊನೆಗೆ ಒಬ್ಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟು ನೋಡಿದವರೇ ‘ಇವತ್ತು ರಾತ್ರಿ ಬಸ್ಸಿಗೇ ಬೆಂಗಳೂರಿಗೆ ಹೊರಡಿ’ ಎಂದರು.

ಹೋದದ್ದು ನಿಮ್ಹಾನ್ಸ್ ಹತ್ತಿರದ ಕಿದ್ವಾಯಿಗೆ. 1973ರಿಂದ ನಾಡಿನ ಬಡವರು ಈ ಕಾಯಿಲೆಗೆ ನಂಬಿರುವ ಸರ್ಕಾರಿ ಆಸ್ಪತ್ರೆ ಅದು. ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿ ಖಾತ್ರಿ ಮಾಡಿದರು. ರಕ್ತ ತಯಾರಾಗುವುದೇ ಆ ಮಜ್ಜೆಯಲ್ಲಿ. ಅಲ್ಲಿ ಬಲಿಯದ ಬಿಳಿ ಕಣಗಳು ಕಳೆಯ ಹಾಗೆ ತುಂಬಿಕೊಂಡರೆ ಬೇರೆ ಕಣಗಳಿಗೆ ಜಾಗವಿಲ್ಲ. ಅದಕ್ಕೇ ಬಿಳಿಚುವುದು, ಅದಕ್ಕೇ ನೀಲಿ ಕಲೆ, ಅದಕ್ಕೇ ಬಿಡದ ಜ್ವರ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇದೇ.

ಔಷಧಿ ಇದೆಯೇ? ಇದೆ. ನಮ್ಮ ಹಿತ್ತಲಲ್ಲಿ ಬೇಡವೆಂದರೂ ಬೆಳೆಯುವ ನಿತ್ಯಪುಷ್ಪ, ಅಂದರೆ ಕಾಶಿ ಕಣಗಿಲೆ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಅದರಲ್ಲೊಂದು. ಇನ್ನೊಂದು ಮೆಥೊಟ್ರೆಕ್ಸೇಟ್. ಆ ಜಾತಿಯ ಔಷಧಿಯನ್ನು ಅಮೆರಿಕದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದರಿಂದ ಮಕ್ಕಳು ಚೇತರಿಸಿಕೊಂಡ ಸುದ್ದಿಯನ್ನು ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಪ್ರಕಟಿಸಿದ್ದು 1948ರಲ್ಲಿ. ಅಲ್ಲಿಯವರೆಗೆ ಈ ರೋಗ ಬಂದ ಮಗು ಕೆಲವು ತಿಂಗಳು ಬದುಕಿದರೆ ಹೆಚ್ಚು. ಈಗ ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ.

ಮೊದಲ ತಿಂಗಳು ನರಕ. ಕೂದಲು ಉದುರಿತು. ಬೆನ್ನಿಗೆ ಸೂಜಿ. ಮಾತ್ರೆಯ ದೆಸೆಯಿಂದ ಮುಖ ಊದಿ, ನಡುರಾತ್ರಿ ಎದ್ದು ‘ಅನ್ನ ಸಾರು ಕೊಡವ್ವ’ ಎನ್ನುತ್ತಿದ್ದಳಂತೆ. ತಿಂಗಳು ಮುಗಿದಾಗ ಮಜ್ಜೆಯಲ್ಲಿ ರೋಗ ಕಾಣಲಿಲ್ಲ. ಮಗು ನಕ್ಕಿತು, ಆಡಿತು.

ಅಪಾಯ ಬಂದದ್ದು ಆಗಲೇ! ಬಿಪಿಎಲ್ ಕಾರ್ಡಿಗೆ ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆ ಸಿಕ್ಕಿತ್ತು, ನಿಜ. ಆದರೆ ಬಸ್ ಚಾರ್ಜು, ಬಾಡಿಗೆ ರೂಮು, ತಪ್ಪಿದ ಕೂಲಿ? ಕೈಸಾಲ ಬೆಳೆದಿತ್ತು. ‘ಹುಡುಗಿ ಗೆಲುವಾಗ್ಯಾಳೆ, ಇನ್ನ್ಯಾಕೆ ಸೂಜಿ ಚುಚ್ಚಿಸ್ತೀರಿ’ ಎಂದರು ನೆಂಟರು. ಅಪ್ಪ ಗಂಟು ಕಟ್ಟಿದರು.

ವಾರ್ಡಿನ ಡಾಕ್ಟರು ತಡೆದು ಕೇಳಿದ್ದು ಒಂದೇ ಮಾತು: ‘ಬೆಂಗಳೂರಿಗೆ ಟಿಕೆಟ್ ತಗೊಂಡು ಹಿರಿಯೂರಲ್ಲೇ ಇಳಿದರೆ ಊರು ಸೇರ್ತೀರೇನ್ರಿ?’ ಕಣ್ಣಿಗೆ ಕಾಣದ ರೋಗಕಣ ಮೈಯಲ್ಲಿ ಅಡಗಿರುತ್ತದೆ. ಚಿಕಿತ್ಸೆ ಬಿಟ್ಟರೆ ಮತ್ತೆ ಎದ್ದು ಬರುತ್ತದೆ, ಎರಡನೇ ಸಲ ಅದು ಇನ್ನೂ ಮೊಂಡು. ನಮ್ಮ ದೇಶದಲ್ಲಿ ಎಷ್ಟೋ ಮಕ್ಕಳನ್ನು ನಾವು ಕಳೆದುಕೊಳ್ಳುವುದು ಹೀಗೆ ನಡುವೆ ಇಳಿದುಬಿಡುವುದರಿಂದಲೇ.

ಅಪ್ಪ ಗಂಟು ಬಿಚ್ಚಿದರು. ಎರಡೂವರೆ ವರ್ಷ ಓಡಾಡಿದರು. ಕೊನೆಕೊನೆಗೆ ಮನೆಯಲ್ಲೇ ದಿನಾ ಮಾತ್ರೆ, ಆಗಾಗ ಆಸ್ಪತ್ರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಬಸ್ಸು ನಿಂತಾಗ ಭಟ್ಟಿ ಮಾಲೀಕರು ಲಾರಿಯವನ ಕೈಲಿ ಮಾತ್ರೆ ತರಿಸಿಕೊಟ್ಟರು. ಚಿಕಿತ್ಸೆ ಮುಗಿದದ್ದು 2021ರಲ್ಲಿ.

ಮುಗಿದ ಮೇಲೂ ಕಾಟ ತಪ್ಪಲಿಲ್ಲ. ಶಾಲೆಯಲ್ಲಿ ಕೆಲವು ತಾಯಂದಿರು ‘ನಮ್ಮ ಹುಡುಗರ ಪಕ್ಕ ಕೂರಿಸಬೇಡಿ’ ಎಂದರು. ಇದು ಅಂಟುರೋಗವಲ್ಲ ಸ್ವಾಮಿ! ಟೀಚರಮ್ಮ ಬಾಯಿಮಾತಿನಲ್ಲಿ ವಾದಿಸಲಿಲ್ಲ, ತನ್ನ ಮಗನನ್ನೇ ಅವಳ ಪಕ್ಕ ಕೂರಿಸಿದರು. ಗಲಾಟೆ ಅಲ್ಲಿಗೆ ನಿಂತಿತು.

ಈಗಲೂ ತಪಾಸಣೆ ಉಂಟು. ಕೆಲವು ಔಷಧಿಗಳು ವರ್ಷಗಳ ನಂತರ ಹೃದಯಕ್ಕೆ ತೊಂದರೆ ಕೊಡಬಹುದು, ಬೆಳವಣಿಗೆಯನ್ನೂ ನೋಡುತ್ತಿರಬೇಕು. ಹಳೇ ಕಾಗದಗಳ ಫೈಲನ್ನು ತಾಯಿ ಟ್ರಂಕಿನಲ್ಲಿ ಪಡಿತರ ಚೀಟಿಯ ಜೊತೆ ಇಟ್ಟಿದ್ದಾರೆ. 2023ರಿಂದ ಹೆಂಗಸರಿಗೆ ಬಸ್ಸು ಫ್ರೀ ಆದದ್ದು ಒಂದು ಉಪಕಾರ.

ಮಗುವಿಗೆ ವಾರಗಟ್ಟಲೆ ಬಿಡದ ಜ್ವರ, ಬಿಳಿಚಿದ ಮುಖ, ನೀಲಿ ಕಲೆ, ಮೂಳೆನೋವು ಇದ್ದರೆ ತಾಯಿತಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಅಂಗಡಿ ಮಾಲೀಕರಿಗೂ ಒಂದು ಮಾತು. ಆ ಎರಡೂವರೆ ವರ್ಷದಲ್ಲಿ ಭಟ್ಟಿ ಮಾಲೀಕರು ಎಷ್ಟು ಸಲ ರಜೆ ಕೊಟ್ಟರೋ ಲೆಕ್ಕವಿಲ್ಲ. ಕೆಲಸ ಮಾತ್ರ ಬಿಡಿಸಲಿಲ್ಲ. ಕೆಲಸ ಹೋಗಿದ್ದರೆ ಅಪ್ಪ ಹಿರಿಯೂರಲ್ಲೇ ಇಳಿಯುತ್ತಿದ್ದರು. ನಿಮ್ಮ ಅಂಗಡಿಯ ಆಳು ‘ಮಗೂನ ಆಸ್ಪತ್ರೆಗೆ ಕರಕೊಂಡು ಹೋಗ್ಬೇಕ್ರಿ’ ಎಂದು ತಲೆ ಕೆರೆಯುತ್ತ ನಿಂತಾಗ ಇದನ್ನು ನೆನೆಸಿಕೊಳ್ಳಿ.