ಪೇಜ್ ಯಾರ ಹೆಸರಿನಲ್ಲಿದೆ?

ಹೋದ ವರ್ಷ ಮಾಘದ ಮದುವೆ ಸೀಸನ್ನಿನಲ್ಲಿ ಹರಿಹರದಿಂದ ಒಬ್ಬರು ತಾಯಿ ಮಗಳನ್ನು ಕರೆದುಕೊಂಡು ದಾವಣಗೆರೆಯ ನಮ್ಮ ಸೀರೆ ಅಂಗಡಿಗೆ ಬಂದರು. ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂತವರೇ ಮಗಳ ಕೈಯಿಂದ ಮೊಬೈಲ್ ತೆಗೆದುಕೊಂಡು ನನ್ನ ಮುಂದೆ ಹಿಡಿದರು. "ಈ ಸೀರೆ ತೋರ್ಸವ್ವ. ಇದಕ್ಕಂತಾನೆ ಬಸ್ ಹತ್ತಿ ಬಂದೀವಿ."

ಫೋಟೊ ನಮ್ಮ ಅಂಗಡಿಯದೇ. ಗಿಳಿಹಸಿರು ಒಡಲು, ಕೆಂಪು ಅಂಚು. ಕೆಳಗೆ ದಪ್ಪ ಅಕ್ಷರದಲ್ಲಿ 'ಅಪ್ಪಟ ಮೈಸೂರು ಸಿಲ್ಕ್, 2,499 ರೂಪಾಯಿ ಮಾತ್ರ' ಎಂದಿತ್ತು. ಸೀರೆ ಕಪಾಟಿನಲ್ಲೇ ಇತ್ತು. ಆದರೆ ಅದು ರೇಷ್ಮೆಯಲ್ಲ, ಸೂರತ್‌ನಿಂದ ಬಂದ ಸಿಂಥೆಟಿಕ್ ಕ್ರೇಪ್.

"ಅಮ್ಮ, ಇದು ರೇಷ್ಮೆ ಅಲ್ಲ" ಎಂದೆ.

"ಮತ್ತೆ ಹಂಗ್ಯಾಕೆ ಬರ್ದೀರಿ?"

ಬರೆದದ್ದು ನಾನಲ್ಲ. ನಮ್ಮ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ನೋಡಿಕೊಳ್ಳುತ್ತಿದ್ದ ಏಜೆನ್ಸಿಯಲ್ಲಿ ಯಾರೋ ಬರೆದಿದ್ದರು. ಆ ಸೀರೆಯನ್ನು ಕೈಯಲ್ಲಿ ಮುಟ್ಟಿಯೂ ನೋಡದವರು. ಆದರೆ ಆ ತಾಯಿಗೆ ಕಾಣುವುದು ನಮ್ಮ ಅಂಗಡಿಯ ಬೋರ್ಡು. ಅವರು ಬೇರೆ ಸೀರೆ ನೋಡಲಿಲ್ಲ, ಕೊಟ್ಟ ನೀರನ್ನೂ ಕುಡಿಯದೆ ಎದ್ದು ಹೋದರು. ಮೂವತ್ತು ವರ್ಷ ಮಾವನವರು ಕೂತ ಗಲ್ಲಾದ ಮುಂದೆ ಅಂಥ ಮಾತು ಕೇಳಿದ್ದು ಅದೇ ಮೊದಲು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೀರೆ ವ್ಯಾಪಾರದಲ್ಲಿ ಇಲ್ಲದವರಿಗೆ ಇದು ಸಣ್ಣ ತಪ್ಪು ಅನ್ನಿಸಬಹುದು. ಆದರೆ ಮೈಸೂರು ಸಿಲ್ಕ್ ಎನ್ನುವುದು ಭೌಗೋಳಿಕ ಸೂಚಿಕೆ ಪಡೆದ ಹೆಸರು. ಅದನ್ನು ನೇಯುವುದು ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ, 1912ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯ ಪರಂಪರೆಯಲ್ಲಿ. ಯಾವ ಕ್ರೇಪ್ ಸೀರೆಗೆ ಬೇಕಾದರೂ ಅಂಟಿಸುವ ಹೆಸರಲ್ಲ ಅದು. ಜೊತೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಏಜೆನ್ಸಿಯ ಹುಡುಗರಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಬೇಕು ಎಂದು ನಾನೂ ಅವರಿಗೆ ಹೇಳಿರಲಿಲ್ಲ.

ಏಜೆನ್ಸಿ ನಮಗೆ ಸಿಕ್ಕಿದ್ದು ಒಂದು ಫೋನ್ ಕರೆಯಿಂದ. ತಿಂಗಳಿಗೆ 15,000 ರೂಪಾಯಿ, ಹನ್ನೆರಡು ಪೋಸ್ಟ್, ನಾಲ್ಕು ರೀಲ್ಸ್, 'ಆರು ತಿಂಗಳಲ್ಲಿ ಹತ್ತು ಸಾವಿರ ಫಾಲೋವರ್ಸ್ ಗ್ಯಾರಂಟಿ'. ಗ್ಯಾರಂಟಿ ಎಂಬ ಮಾತಿಗೆ ಒಲಿದೆವು. ನಮ್ಮ ಯಜಮಾನರಿಗೆ ಅಂಗಡಿಯಿಂದ ತಲೆ ಎತ್ತಲು ಪುರುಸೊತ್ತಿಲ್ಲ, ಮಗ ಇನ್ನೂ ಪಿಯುಸಿ. ಲೆಕ್ಕ ಬರೆಯುವವಳು ನಾನು, ಹಾಗಾಗಿ ಈ ಜವಾಬ್ದಾರಿಯೂ ನನ್ನ ತಲೆಗೆ ಬಂತು. ಹೇಳಿದಂತೆ ಫಾಲೋವರ್ಸ್ ಬಂದರು. 600 ಇದ್ದದ್ದು ಆರು ತಿಂಗಳಿಗೆ 11,000 ದಾಟಿತು. ಅಂಗಡಿಗೆ ಬರುವ ಗಿರಾಕಿಗಳ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು.

ಹರಿಹರದ ಆ ತಾಯಿ ಬಂದುಹೋದ ಮೇಲೆ ಇನ್‌ಸ್ಟಾಗ್ರಾಂನ ಇನ್‌ಸೈಟ್ಸ್ ಎಂಬ ಭಾಗವನ್ನು ಮೊದಲ ಸಲ ತೆರೆದು ನೋಡಿದೆ. ಬಿಸಿನೆಸ್ ಖಾತೆ ಇರುವ ಯಾರು ಬೇಕಾದರೂ ಇದನ್ನು ನೋಡಬಹುದು. ಫಾಲೋವರ್ಸ್ ಯಾವ ಊರಿನವರು, ಯಾವ ವಯಸ್ಸಿನವರು, ಗಂಡಸರೆಷ್ಟು ಹೆಂಗಸರೆಷ್ಟು ಎಂಬುದೆಲ್ಲ ಅಲ್ಲಿದೆ. ನಮ್ಮ ಊರುಗಳ ಪಟ್ಟಿಯಲ್ಲಿ ಮೊದಲ ಐದರಲ್ಲಿ ದಾವಣಗೆರೆ ಇರಲೇ ಇಲ್ಲ. ನಾನು ಹೆಸರು ಕೇಳಿರದ ಉತ್ತರದ ಊರುಗಳಿದ್ದವು, ನೂರಕ್ಕೆ ಎಂಬತ್ತು ಗಂಡಸರು. ಸೀರೆ ಅಂಗಡಿಗೆ! ನಮ್ಮ ಗಿರಾಕಿ ಹೊನ್ನಾಳಿಯಿಂದ, ಜಗಳೂರಿನಿಂದ, ಚನ್ನಗಿರಿಯಿಂದ, ಹೆಚ್ಚೆಂದರೆ ರಾಣೆಬೆನ್ನೂರಿನಿಂದ ಬರುವವರು. ಸಾವಿರ ಕಿಲೋಮೀಟರ್ ಆಚೆ ಕೂತವರು ಹಾರ್ಟ್ ಒತ್ತಿದರೆ ನಮ್ಮ ಗಲ್ಲಾಕ್ಕೆ ಏನು ಬಂತು?

ಏಜೆನ್ಸಿ ಬಿಡೋಣ ಎಂದು ತೀರ್ಮಾನಿಸಿದ ದಿನ ಇನ್ನೊಂದು ಸಂಗತಿ ಗೊತ್ತಾಯಿತು. ಫೇಸ್‌ಬುಕ್ ಪೇಜ್ ನಮ್ಮ ಹೆಸರಿನಲ್ಲಿರಲಿಲ್ಲ. ಅವರು ತಮ್ಮ ಖಾತೆಯಿಂದ ಅದನ್ನು ತೆರೆದು, ಪೂರ್ತಿ ಹಿಡಿತ ತಮ್ಮ ಬಳಿ ಇಟ್ಟುಕೊಂಡು, ನಮಗೆ ಪೋಸ್ಟ್ ನೋಡಿ ಉತ್ತರಿಸುವಷ್ಟು ಅನುಮತಿ ಮಾತ್ರ ಕೊಟ್ಟಿದ್ದರು. ಜಾಹೀರಾತಿನ ಖಾತೆಯೂ ಅವರದೇ. ಇನ್‌ಸ್ಟಾಗ್ರಾಂಗೆ ಜೋಡಿಸಿದ್ದ ಇಮೇಲ್ ಕೂಡ ಅವರದು. ನಮ್ಮ ಅಂಗಡಿಯ ಬೀಗದ ಕೈ ಬೇರೆಯವರ ಜೇಬಿನಲ್ಲಿತ್ತು. ಅದನ್ನು ಬಿಡಿಸಿಕೊಳ್ಳಲು ಎರಡೂವರೆ ತಿಂಗಳು ಫೋನ್ ಮಾಡಿದೆ. ಕೊನೆಗೆ ಬಾಕಿ ಎಂದು ಅವರು ತೋರಿಸಿದ 9,000 ರೂಪಾಯಿ ಕೊಟ್ಟ ಮೇಲೆ ಪೇಜ್ ಕೈಗೆ ಬಂತು.

ಆದ್ದರಿಂದ ಏಜೆನ್ಸಿ ಹುಡುಕುವ ಯಾವ ವ್ಯಾಪಾರಿಗೂ ನಾನು ಮೊದಲು ಹೇಳುವ ಮಾತು ಇದು: ಪೇಜ್, ಇನ್‌ಸ್ಟಾಗ್ರಾಂ, ಜಾಹೀರಾತು ಖಾತೆ, ಗೂಗಲ್ ಮ್ಯಾಪ್‌ನಲ್ಲಿನ ಅಂಗಡಿಯ ಗುರುತು, ಎಲ್ಲವೂ ನಿಮ್ಮ ಫೋನ್ ನಂಬರ್, ನಿಮ್ಮ ಇಮೇಲ್‌ನಿಂದಲೇ ಶುರುವಾಗಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಬಿಸಿನೆಸ್ ಖಾತೆಯಲ್ಲಿ ಏಜೆನ್ಸಿಯನ್ನು 'ಪಾರ್ಟ್‌ನರ್' ಎಂದು ಸೇರಿಸುವ ವ್ಯವಸ್ಥೆ ಇದೆ. ಆಗ ಅವರು ಕೆಲಸ ಮಾಡಬಹುದು, ಬೇಡವಾದ ದಿನ ನೀವೇ ಅವರ ಹೆಸರು ತೆಗೆಯಬಹುದು. ಗೂಗಲ್‌ನಲ್ಲೂ ಮಾಲೀಕ ಬೇರೆ, ಮ್ಯಾನೇಜರ್ ಬೇರೆ. ಮಾಲೀಕರು ನೀವಾಗಿರಿ. ಈ ಮಾತಿಗೆ 'ನಮ್ಮ ಪದ್ಧತಿ ಹಾಗಿಲ್ಲ ಮೇಡಂ' ಎನ್ನುವವರ ಜೊತೆ ಚಹಾ ಕುಡಿದು ಬೀಳ್ಕೊಡಿ.

ಹಣದ ಮಾತು ಎರಡನೆಯದು. ಏಜೆನ್ಸಿಗೆ ಕೊಡುವ ಸಂಬಳ ಬೇರೆ, ಫೇಸ್‌ಬುಕ್‌ಗೆ ಹೋಗುವ ಜಾಹೀರಾತಿನ ಹಣ ಬೇರೆ. ನಾವು ಕೊಡುತ್ತಿದ್ದ 15,000ದಲ್ಲಿ 5,000 ಜಾಹೀರಾತಿಗೆ ಎಂದು ಅವರು ಹೇಳುತ್ತಿದ್ದರು. ಪೇಜ್ ಕೈಗೆ ಬಂದಾಗ ಹಳೆಯ ರಸೀದಿಗಳನ್ನು ಕೇಳಿ ತರಿಸಿಕೊಂಡೆ. ಒಂದು ತಿಂಗಳು 1,800, ಇನ್ನೊಂದು ತಿಂಗಳು 1,200 ಅಷ್ಟೇ ಖರ್ಚಾಗಿತ್ತು. ಜಾಹೀರಾತಿನ ಪ್ರತಿ ಪಾವತಿಗೂ ಮೆಟಾ ರಸೀದಿ ಕೊಡುತ್ತದೆ, ಅದರ ಮೇಲೆ ಶೇ 18 ಜಿಎಸ್‌ಟಿ ಇರುತ್ತದೆ. ಅಂಗಡಿಗೆ ಜಿಎಸ್‌ಟಿ ನಂಬರ್ ಇದ್ದರೆ ಅದನ್ನು ನಿಮ್ಮ ಜಾಹೀರಾತು ಖಾತೆಯಲ್ಲಿ ತುಂಬಿಸಿ, ಹಣ ನಿಮ್ಮ ಕಾರ್ಡಿನಿಂದಲೇ ಹೋಗಲಿ. ಲೆಕ್ಕ ಸ್ವಚ್ಛವಾಗಿರುತ್ತದೆ, ಲೆಕ್ಕಪರಿಶೋಧಕರೂ ಬೈಯುವುದಿಲ್ಲ.

ಎರಡನೆಯ ಸಲ ಹುಡುಕುವಾಗ ನಾಲ್ಕು ಜನರನ್ನು ಕಂಡೆ. ಅವರು ತಂದ ಬಣ್ಣದ ಪ್ರೆಸೆಂಟೇಶನ್‌ಗಳನ್ನು ಮುಚ್ಚಿಡಲು ಹೇಳಿ, ಈಗ ಯಾರ ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿದೆ. ಮೆಟಾದ 'ಆ್ಯಡ್ ಲೈಬ್ರರಿ' ಎಂಬ ತಾಣದಲ್ಲಿ ಯಾವುದೇ ಪೇಜ್ ಈಗ ಓಡಿಸುತ್ತಿರುವ ಜಾಹೀರಾತುಗಳನ್ನು ಯಾರು ಬೇಕಾದರೂ ನೋಡಬಹುದು, ಹಣ ಕೊಡಬೇಕಿಲ್ಲ. ಅವರು ಹೇಳಿದ ಅಂಗಡಿಗಳ ಹೆಸರು ಹಾಕಿ ನೋಡಿದೆ. ಇಬ್ಬರು ಹೇಳಿದ ಗಿರಾಕಿಗಳ ಪೇಜ್‌ನಲ್ಲಿ ಒಂದು ಜಾಹೀರಾತೂ ಓಡುತ್ತಿರಲಿಲ್ಲ. ಮೂರನೆಯವರ ಜಾಹೀರಾತಿನ ಕನ್ನಡ ಓದಿದರೆ ಗೂಗಲ್ ಅನುವಾದದ ವಾಸನೆ. 'ನಿಮ್ಮ ಕನಸಿನ ಸೀರೆಯನ್ನು ಇಂದು ಅನ್ವೇಷಿಸಿ' ಎಂದು ನಮ್ಮೂರಲ್ಲಿ ಯಾರು ಮಾತಾಡುತ್ತಾರೆ?

ನಾಲ್ಕನೆಯದು ಇಲ್ಲಿಯದೇ ಇಬ್ಬರು ಹುಡುಗಿಯರ ಸಣ್ಣ ಏಜೆನ್ಸಿ. ಅವರಲ್ಲಿ ಒಬ್ಬಳು ಕೂತ ತಕ್ಷಣ ಕೇಳಿದ್ದು, "ಅಕ್ಕಾ, ಆಷಾಢದಾಗೆ ನಿಮ್ ವ್ಯಾಪಾರ ಹೆಂಗಿರುತ್ತೆ?" ಮದುವೆ ಇಲ್ಲದ ಆಷಾಢ, ಸ್ಟಾಕ್ ಖಾಲಿ ಮಾಡುವ ರಿಯಾಯಿತಿ ಮಾರಾಟ, ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆ ಏರುವ ವ್ಯಾಪಾರ, ಇದು ಗೊತ್ತಿದ್ದವರಿಗೆ ಮಾತ್ರ ಬರುವ ಪ್ರಶ್ನೆ. ಆಮೇಲೆ ಮದುವೆ ಜವಳಿಗೆ ಎಷ್ಟು ಮನೆಯವರು ಬರುತ್ತಾರೆ, ಕುಚ್ಚು ಕಟ್ಟಿಸಿಕೊಡುತ್ತೀರಾ, ಕೆಳಗಿನ ಸಾಲಿನ ಸೀರೆ ಯಾಕೆ ಧೂಳು ಹಿಡಿದಿದೆ ಎಂದೆಲ್ಲ ಕೇಳಿದಳು. ಫಾಲೋವರ್ಸ್ ಎಷ್ಟು ತರುತ್ತೀರಿ ಎಂದು ಕೇಳಿದರೆ, "ಅದನ್ನ ಹೇಳಕ್ಕೆ ಬರಲ್ಲ ಅಕ್ಕಾ" ಎಂದಳು. ಅಲ್ಲೇ ನನ್ನ ಮನಸ್ಸು ತೀರ್ಮಾನ ಮಾಡಿತ್ತು.

ಅವರು ಮಾಡಿದ ಮೊದಲ ರೀಲ್ ನಮ್ಮ ಅಂಗಡಿಯ ಹಿಂದಿನ ಕೋಣೆಯದು. ಅಲ್ಲಿ ಹದಿನಾರು ವರ್ಷದಿಂದ ಒಬ್ಬ ಅಕ್ಕ ಸೆರಗಿಗೆ ಕುಚ್ಚು ಹಾಕುತ್ತಾರೆ. ಸೆರಗಿನ ಎಳೆಗಳನ್ನು ಬೆರಳಲ್ಲಿ ಬಿಡಿಸಿ, ಎಣಿಸಿ, ತಿರುಚಿ, ಮಣಿ ಪೋಣಿಸಿ ಗಂಟು ಹಾಕುವ ಆ ಕೈಗಳನ್ನು ಮಾತ್ರ ಮೂವತ್ತು ಸೆಕೆಂಡ್ ತೋರಿಸಿದರು. ಹಿನ್ನೆಲೆಯಲ್ಲಿ ಸಿನಿಮಾ ಹಾಡಿರಲಿಲ್ಲ, ಅಕ್ಕನ ಬಳೆಗಳ ಸದ್ದು ಮಾತ್ರ. ಇದಕ್ಕೂ ಕಾರಣವಿತ್ತು. ಜನಪ್ರಿಯ ಹಾಡುಗಳನ್ನು ವ್ಯಾಪಾರಕ್ಕೆ ಬಳಸಲು ಹಕ್ಕುದಾರರ ಅನುಮತಿ ಬೇಕು. ಮೊದಲಿನ ಏಜೆನ್ಸಿ ಹಿಟ್ ಹಾಡು ಹಾಕಿದ್ದ ನಮ್ಮ ಎರಡು ರೀಲ್‌ಗಳ ಧ್ವನಿಯನ್ನೇ ಇನ್‌ಸ್ಟಾಗ್ರಾಂ ತೆಗೆದುಹಾಕಿತ್ತು, ಅವು ಮೂಕ ಚಿತ್ರಗಳಾಗಿ ಉಳಿದಿದ್ದವು. ಕುಚ್ಚಿನ ರೀಲ್ ನೋಡಿ ಬಂದವರು ಇವತ್ತಿಗೂ ಒಳಗೆ ಇಣುಕಿ ಆ ಅಕ್ಕನನ್ನು ಮಾತಾಡಿಸುತ್ತಾರೆ.

ಈಗ ನಮ್ಮ ಜಾಹೀರಾತು ದಾವಣಗೆರೆಯ ಸುತ್ತ ಇಂತಿಷ್ಟು ಕಿಲೋಮೀಟರ್ ಎಂದು ನಕ್ಷೆಯಲ್ಲಿ ಗೆರೆ ಹಾಕಿದ ಊರುಗಳಿಗೆ ಮಾತ್ರ ಹೋಗುತ್ತದೆ. ಅದನ್ನು ಒತ್ತಿದರೆ ನೇರ ನಮ್ಮ ವಾಟ್ಸ್ಆ್ಯಪ್ ತೆರೆಯುತ್ತದೆ. ಪೋಸ್ಟ್ ಹಾಕುವ ಮೊದಲು ಬಟ್ಟೆ ಯಾವುದು, ಬೆಲೆ ಎಷ್ಟು ಎಂಬ ಸಾಲು ನನ್ನ ಮೊಬೈಲ್‌ಗೆ ಬರುತ್ತದೆ. ನಾನು 'ಸರಿ' ಎಂದರೆ ಮಾತ್ರ ಮುಂದಕ್ಕೆ. ಈ ಒಂದು ಷರತ್ತನ್ನು ಒಪ್ಪಂದದ ಪತ್ರದಲ್ಲಿ ಬರೆಸಿದ್ದೇನೆ.

ಅಂಗಡಿಗೆ ಬಂದ ಹೊಸಬರನ್ನೆಲ್ಲ "ಎಲ್ಲಿ ನೋಡಿ ಬಂದ್ರಿ?" ಎಂದು ಕೇಳಿ ಬಿಲ್ ಪುಸ್ತಕದ ಹಿಂದೆ ಗೆರೆ ಎಳೆಯುತ್ತೇವೆ. ಕಳೆದ ಶ್ರಾವಣದ ಲೆಕ್ಕ ಹೇಳುತ್ತೇನೆ. ಜಾಹೀರಾತಿಗೆ 6,000, ಅದಕ್ಕೆ ಜಿಎಸ್‌ಟಿ 1,080, ಏಜೆನ್ಸಿಗೆ 9,000, ಒಟ್ಟು 16,080 ರೂಪಾಯಿ. ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸಿದವರು 74 ಜನ. ಅಂಗಡಿಗೆ ಬಂದದ್ದು 19 ಮನೆಯವರು, ಕೊಂಡದ್ದು 11 ಮನೆಯವರು, ಅದರಲ್ಲಿ ಎರಡು ಮದುವೆ ಜವಳಿ. ಒಟ್ಟು ವ್ಯಾಪಾರ 96,000. ನಮಗೆ ಉಳಿಯುವುದು ನೂರಕ್ಕೆ ಇಪ್ಪತ್ತು, ಅಂದರೆ 19,200. ಖರ್ಚು ಕಳೆದರೆ 3,120 ರೂಪಾಯಿ. ದೊಡ್ಡ ಲಾಭವೇನಲ್ಲ. ಆದರೆ ಇದು ನಾನು ಕೈಯಲ್ಲಿ ಎಣಿಸಿದ ಲೆಕ್ಕ, ಹನ್ನೊಂದು ಸಾವಿರ ಹಾರ್ಟ್‌ಗಳ ಲೆಕ್ಕವಲ್ಲ. ಆ ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಯವರು ದೀಪಾವಳಿಗೆ ಮತ್ತೆ ಬಂದರು, ಆಗ ಜಾಹೀರಾತಿನ ಖರ್ಚಿರಲಿಲ್ಲ.

ಕೆಲವು ಏಜೆನ್ಸಿಗಳು ಗೂಗಲ್‌ನಲ್ಲಿ ಐದು ಸ್ಟಾರ್‌ನ ರಿವ್ಯೂ ಹಾಕಿಸಿಕೊಡುತ್ತೇವೆ ಎನ್ನುತ್ತವೆ. ದಯವಿಟ್ಟು ಒಪ್ಪಬೇಡಿ. ಅಂಗಡಿಗೆ ಬರದವರು ಬರೆದ ಹೊಗಳಿಕೆ ಸುಳ್ಳು ಸಾಕ್ಷಿ, ಗೂಗಲ್‌ಗೆ ಗೊತ್ತಾದರೆ ಅಳಿಸುತ್ತದೆ. ಬಿಲ್ ಕೊಡುವಾಗ ನಿಜವಾದ ಗಿರಾಕಿಯನ್ನು ಕೇಳಿದರೆ ಸಂತೋಷದಿಂದ ಬರೆಯುತ್ತಾರೆ. ಗಿರಾಕಿಗಳ ಫೋನ್ ನಂಬರನ್ನು ಅವರ ಒಪ್ಪಿಗೆ ಪಡೆದು ನಿಮ್ಮ ಬಳಿಯೂ ಬರೆದಿಟ್ಟುಕೊಳ್ಳಿ, ಇವತ್ತಿರುವ ಆ್ಯಪ್ ನಾಳೆ ಇಲ್ಲದಿರಬಹುದು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಟಿಕ್‌ಟಾಕ್ ಒಂದನ್ನೇ ನೆಚ್ಚಿಕೊಂಡವರು ಗಳಿಸಿದ್ದೆಲ್ಲ ಒಂದೇ ರಾತ್ರಿಯಲ್ಲಿ ಹೋಯಿತು.

ಹರಿಹರದ ಆ ತಾಯಿ ಮತ್ತೆ ಬಂದಿಲ್ಲ. ಅವರ ಹೆಸರು, ನಂಬರು ಯಾವುದೂ ನನ್ನ ಬಳಿ ಇಲ್ಲ, ಇದ್ದಿದ್ದರೆ ಮನೆಗೇ ಹೋಗಿ ಕ್ಷಮೆ ಕೇಳುತ್ತಿದ್ದೆ. ನೀವು ಯಾವ ವ್ಯಾಪಾರದವರೇ ಆಗಿರಿ, ಬೇಕರಿ, ಚಿನ್ನದಂಗಡಿ, ಟ್ಯೂಷನ್, ಮೆಸ್, ಇವತ್ತು ಅಂಗಡಿ ಬಾಗಿಲು ಹಾಕುವ ಮೊದಲು ನಿಮ್ಮ ಪೇಜ್‌ನ ಸೆಟ್ಟಿಂಗ್ಸ್ ತೆರೆದು ಪೂರ್ತಿ ಹಿಡಿತ ಯಾರ ಹೆಸರಿನಲ್ಲಿದೆ ಎಂದು ನೋಡಿ. ನಿಮ್ಮ ಹೆಸರು ಅಲ್ಲಿ ಕಾಣದಿದ್ದರೆ ನಾಳೆ ಬೆಳಿಗ್ಗೆ ಬೋಣಿಗೆ ಮುಂಚೆಯೇ ಏಜೆನ್ಸಿಗೆ ಫೋನ್ ಮಾಡಿ.